ಮಾದೊಕಾ ತಂದ ಮೊಟ್ಟೆ ಸುರುಳಿ

ಶಿಜುನೊಗೆ ಐವತ್ತೆರಡು. ತಕಾಒಕಾ ಊರಿನ ಒಂದು ದಿನಸಿ ಅಂಗಡಿಯ ಹಿಂಬದಿ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಪಲ್ಯ, ಕರಿದ ತಿಂಡಿ, ಮೊಟ್ಟೆ ಸುರುಳಿ ಮಾಡುತ್ತಾಳೆ. ಬೆಳಗ್ಗೆ ಐದಕ್ಕೆ ಒಲೆ ಮುಂದೆ ನಿಂತರೆ ಅಂಗಡಿ ತೆರೆಯುವ ಹೊತ್ತಿಗೆ ಮುಂಗೈ ಮರಗಟ್ಟಿರುತ್ತದೆ. ಆದರೆ ಅತ್ತೆ ಹಿಸಾಯೊ ಲೆಕ್ಕದಲ್ಲಿ ಅದು ಅಡುಗೆಯೇ ಅಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದದ್ದೆಲ್ಲ ಸೋಮಾರಿ ಹೆಂಗಸರ ಊಟ.

ಗಿರಾಕಿಗಳಿಗೂ ಅದೇ ಭಯ. ಕೊಂಡ ತಿಂಡಿಯನ್ನು ಕಾರಿನೊಳಗೇ ಕೂತು ಮನೆಯ ಡಬ್ಬಿಗೆ ಬದಲಾಯಿಸುತ್ತಾರೆ. ಮನೆಯ ಕಸದ ಚೀಲ ಪಾರದರ್ಶಕ, ನೆರೆಯವರು ನೋಡುತ್ತಾರಲ್ಲ, ಖಾಲಿ ಡಬ್ಬಿಯನ್ನು ಅಂಗಡಿಯ ಕಸದ ಬುಟ್ಟಿಗೇ ಎಸೆದು ಹೋಗುತ್ತಾರೆ. ಆ ಜಿಡ್ಡು ಡಬ್ಬಿಗಳನ್ನು ಬಳಿದು ತೆಗೆಯುವಾಗ ಶಿಜುನೊಗೆ ಹೇಸಿಗೆಯಾಗುತ್ತಿತ್ತು. ತಿನ್ನಲು ಬೇಕು, ಕೊಂಡೆ ಎನ್ನಲು ಮಾತ್ರ ಬಾಯಿಲ್ಲ.

ಅತ್ತೆಯ ಎಪ್ಪತ್ತೇಳನೆಯ ಹುಟ್ಟುಹಬ್ಬದ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ ಹಿಸಾಯೊ ಶುರುಮಾಡಿದಳು.

"ಶಿಜುನೊ, ಈ ತಿಂಗಳಿಗೆ ಆ ಕೆಲಸ ಬಿಟ್ಬಿಡಮ್ಮ. ಕೊಸಾಕು ಒಪ್ಕೊಂಡಿದಾನೆ. ಊರೋರಿಗೆಲ್ಲ ಬೇಯಿಸಿ ಹಾಕ್ತೀಯ, ಗಂಡನಿಗೆ ಮಾತ್ರ ಪೊಟ್ಟಣದ ಸಾರಿಗೆ ಬಿಸಿನೀರು ಹುಯ್ದು ಕೊಡ್ತೀಯ."

"ಅಮ್ಮ ಹೇಳೋದೂ ಸರಿ ಅಲ್ವಾ," ಎಂದು ಗಂಡ ಕೊಸಾಕು ಸಾರಿನ ಬಟ್ಟಲಿಗೆ ಹೇಳಿದ.

ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವಳ ಕೈಕೆಲಸಕ್ಕೆ ಕೊಂಕು ಕೇಳಿಬರದ ಜಾಗ ಅಂತ ಇದ್ದದ್ದು ಆ ಒಲೆಯ ಮುಂದೆ ಮಾತ್ರ.

ಅಷ್ಟರಲ್ಲಿ ವಾರಗಿತ್ತಿ ಮಾದೊಕಾ ತಾನು ತಂದ ಅರಗಿನ ಹೊಳಪಿನ ಮರದ ಡಬ್ಬಿ ತೆರೆದಳು. ಅತ್ತೆ ಒಂದು ಮೊಟ್ಟೆ ಸುರುಳಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ನೋಡು, ಇದು ಕೈಯಾರೆ ಮಾಡಿದ್ದು ಅಂದ್ರೆ! ಒಂದೊಂದು ಪದರದಲ್ಲೂ ಮನಸ್ಸಿದೆ. ಎಷ್ಟೊತ್ತಿಗೆ ಎದ್ಯೇ ಮಾದೊಕಾ?"

"ನಾಲ್ಕೂವರೆಗೆ ಅತ್ತೆ. ಏನ್ಮಹಾ ಬಿಡಿ."

ಶಿಜುನೊ ತುಂಡುಗಳನ್ನು ನೋಡಿದಳು. ಪ್ರತಿಯೊಂದರ ಬೆನ್ನ ಮೇಲೂ ಒಂದೇ ಜಾಗದಲ್ಲಿ ಸಣ್ಣ ತಗ್ಗು. ಅಂಗಡಿಯ ಚೌಕ ಬಾಣಲೆಯ ತಳ ನೆಗ್ಗಿದೆ. ಅದರಲ್ಲಿ ಸುತ್ತಿದ ಸುರುಳಿಗೆಲ್ಲ ಈ ಗುರುತು ಬೀಳುತ್ತದೆ. ಇವತ್ತು ಬೆಳಗ್ಗೆ ಅವನ್ನು ಸುತ್ತಿದವಳು ಅವಳೇ.

ಅವಳು ತಲೆಯೆತ್ತಿ ಮಾದೊಕಾಳನ್ನು ನೋಡಿದಳು. ಮಾದೊಕಾಗೆ ಗೊತ್ತಾಯಿತು. 'ಬೇಡ ಅಕ್ಕ' ಎಂಬಂತೆ ಅವಳ ಕಣ್ಣು ಬೇಡಿತು. ಇಷ್ಟು ವರ್ಷ ಆ ಬುಟ್ಟಿ ಬಳಿದು ಸುಮ್ಮನಿದ್ದದ್ದಕ್ಕೆ ಶಿಜುನೊಗೆ ತನ್ನ ಮೇಲೂ ಅಸಹ್ಯ ಹುಟ್ಟಿತು.

"ನಾಲ್ಕೂವರೆಗೆ ಎದ್ದವಳು ನಾನು ಅತ್ತೆ. ಇದು ನಮ್ಮ ಅಂಗಡೀದು. ನಾನೇ ಸುತ್ತಿದ್ದು."

"ಅಂಗಡೀದಾ?"

ಹಿಸಾಯೊ ಕಾಗದದ ಕರವಸ್ತ್ರ ತೆಗೆದು ಬಾಯಲ್ಲಿದ್ದದ್ದನ್ನು ಉಗುಳಿದಳು. ಉಗುಳಿದ್ದನ್ನು ಅಚ್ಚುಕಟ್ಟಾಗಿ ಮೂಲೆ ಸೇರಿಸಿ ಮಡಚಿ, ತಟ್ಟೆಯ ಪಕ್ಕ ಇಟ್ಟಳು. ಮಾದೊಕಾ ತಲೆ ತಗ್ಗಿಸಿ ಡಬ್ಬಿ ಮುಚ್ಚತೊಡಗಿದಳು.

ಶಿಜುನೊ ಆ ಮಡಚಿದ ಕಾಗದವನ್ನೇ ನೋಡಿದಳು. ಇಂಥ ಬಾಯಿಗೆ ರುಚಿಯಾಗಲೆಂದು ಅಂಗಡಿಯ ಒಲೆ ಬಿಟ್ಟು ಬರಬೇಕೆ?

"ನಾನು ಕೆಲಸ ಬಿಡಲ್ಲ," ಎಂದು ಎದ್ದಳು.

"ಏ, ಅಮ್ಮನ ಹುಟ್ಟುಹಬ್ಬ ಕಣೇ ಇವತ್ತು!" ಎಂದ ಕೊಸಾಕು.

"ಹೌದಲ್ಲ. ರಾತ್ರಿ ಅಡುಗೆ ನೀವೇ ಮಾಡ್ರೀ. ಕೈಯಾರೆ ಮಾಡಿದ್ದೇ ಆಗ್ಬೇಕು ಅವರಿಗೆ."