ಹನ್ನೆರಡನೆಯ ಹೆಸರು

ಹಳಿಯಾಳದ ಪೇಂಟರ್ ಉಸ್ಮಾನಸಾಬ ಪ್ರತಿ ಆಗಸ್ಟಿನಲ್ಲೂ ಹೇಳುವುದು ಒಂದೇ ಮಾತು: "ಇದ ಕಡೀ ವರ್ಷರೀ, ಮುಂದಿನ ಸಲ ಬ್ಯಾರೇ ಯಾರನ್ನರ ಕರೀರಿ." ಈ ಮಾತು ಕೇಳುತ್ತಲೇ ಅವನನ್ನು ಕರೆಸುವ ತಾಲೂಕು ಕಚೇರಿಯ ಮೂವರು ಗುಮಾಸ್ತರು ನಿವೃತ್ತರಾದರು. ತೇರಗಾಂವ ರಸ್ತೆಬದಿಯ ಹುತಾತ್ಮ ಯೋಧರ ಸ್ಮಾರಕದ ಕಲ್ಲಿನ ಮುಂದೆ ಗೋಣಿಚೀಲ ಹಾಸಿ, ಮೊದಲು ಮಂಡಿಯನ್ನು ಬೈದು, ಆಮೇಲೆ ಕುಂಚವನ್ನು ಬೈದು, ಕಡೆಗೆ ಮಳೆಯನ್ನೂ ಬೈದು ಕೂರುತ್ತಾನೆ. ಕೆತ್ತಿದ ಹನ್ನೊಂದು ಹೆಸರುಗಳಿಗೆ ಬಣ್ಣ ತುಂಬುವುದು ಅವನಿಗೆ ಬೀಡಿ ಸೇದಿದಷ್ಟೇ ಸಲೀಸು. ಹನ್ನೆರಡನೆಯವನು ಪುಂಡಲೀಕ, ಕಲ್ಲು ನಿಲ್ಲಿಸಿದ ಮೇಲೆ ಗಡಿಯಲ್ಲಿ ಸತ್ತವನು. ಅವನ ಹೆಸರು ಕೆತ್ತಲು ಮಂಜೂರಿ ಇನ್ನೂ ಬಂದಿಲ್ಲ. ನುಣುಪು ಕಲ್ಲಿನ ಮೇಲೆ ಉಸ್ಮಾನಸಾಬ ಬರೆದ ಹೆಸರು ಮುಂದಿನ ಮಳೆಗಾಲಕ್ಕೆ ಚಕ್ಕೆಯೆದ್ದು ಉದುರುತ್ತದೆ. ಹನ್ನೊಂದನ್ನು ಸ್ವಾತಂತ್ರ್ಯ ದಿನದ ಹಿಂದಿನ ದಿನವೇ ಮುಗಿಸುವ ಅವನು ಇದೊಂದನ್ನು ಮಾತ್ರ, ಪುಂಡಲೀಕನ ತಾಯಿ ಗುರುಬಸವ್ವ ದಾಂಡೇಲಿ ಬಸ್ಸಿನಿಂದ ಇಳಿಯುವುದು ಕಂಡ ಮೇಲೆಯೇ ಬರೆಯುತ್ತಾನೆ. ಓದು ಬಾರದ ಆಕೆ ಕಲ್ಲಿನ ಮೇಲೆ ಬೆರಳಾಡಿಸುತ್ತ ಕೇಳುತ್ತಾಳೆ: "ನಮ್ಮ ಹುಡುಗಂದು ಯಾವುದೈತಿ ಅಣ್ಣಾ?" "ಕೈಗೆ ಬಣ್ಣ ಹತ್ತೂದು ಅವಂದ ನೋಡವ್ವಾ." ಆಕೆ ಬೆರಳು ಒರೆಸಿಕೊಳ್ಳದೆ ಬಸ್ಸು ಹತ್ತುತ್ತಾಳೆ, ಅವನು ಗೊಣಗದೆ, ಕದಡಿದ ಅಕ್ಷರವನ್ನು ಮತ್ತೆ ತಿದ್ದುತ್ತಾನೆ.