ಸ್ಟುಡಿಯೋ ಅಣ್ಣನ ಕಡಲು

ಹೋದ ತಿಂಗಳು ನೆಂಟರ ಮದುವೆಗೆಂದು ಮಂಗಳೂರಿಗೆ ಹೋದವಳು ಜೀವಮಾನದಲ್ಲಿ ಮೊದಲ ಸಲ ಕಡಲ ದಡದಲ್ಲಿ ನಿಂತೆ. ಉಪ್ಪು, ಪಾಚಿ, ಒದ್ದೆ ಮರಳು ಕಲೆತ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದವರೆಲ್ಲ ಅಲೆ ನೋಡಿ ಕುಣಿಯುತ್ತಿದ್ದರೆ, ನನಗೆ ಮಾತ್ರ ಹಿರಿಯೂರಿನ ಒಂದು ಫೋಟೋ ಸ್ಟುಡಿಯೋ ನೆನಪಾಗಿ ಕಣ್ಣು ತುಂಬಿತು...

ಆ ಸ್ಟುಡಿಯೋ ನನ್ನ ಹೊಲಿಗೆ ಅಂಗಡಿಯ ಪಕ್ಕದ್ದು. ಅದರ ಯಜಮಾನರನ್ನು ನಾನು ಅಣ್ಣ ಎನ್ನುತ್ತಿದ್ದೆ. ಎಲ್ಲರ ಕೈಗೂ ಕ್ಯಾಮೆರಾ ಫೋನ್ ಬಂದ ಮೇಲೆ ಅಲ್ಲಿ ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಹೆಚ್ಚಿನ ಕೆಲಸವಿರಲಿಲ್ಲ. ಹೊತ್ತು ಹೋಗದೆ ಅಣ್ಣ ಒಂದು ಹುಚ್ಚು ಹಚ್ಚಿಕೊಂಡರು. ಗಾಜಿನ ತೊಟ್ಟಿಯಲ್ಲಿ ಕಡಲು ಸಾಕುವುದು! ಬೆಂಗಳೂರಿನಿಂದ ಅದಕ್ಕೆಂದೇ ಉಪ್ಪಿನ ಪೊಟ್ಟಣ ತರಿಸಿ ಫಿಲ್ಟರ್ ನೀರಿಗೆ ಕಲೆಸುತ್ತಿದ್ದರು. ಒಳಗೆ ಕಲ್ಲು, ಮರಳು, ಅರಳಿ ಮುಚ್ಚುವ ಜೀವಂತ ಹವಳ, ಕಿತ್ತಳೆ ಬಣ್ಣದ ಜೋಡಿ ಮೀನು. "ಬೋರ್‌ವೆಲ್ ನೀರೇ ಹಾಕ್ರಿ ಅಣ್ಣ, ಅದೂ ಉಪ್ಪೇ ಐತಲ್ಲ" ಎಂದು ನಾನು ರೇಗಿಸಿದರೆ ನಗುತ್ತಿದ್ದರು. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಮನೆಯಲ್ಲಿದ್ದದ್ದು ತಾಯಿ ಒಬ್ಬರೇ. ಯಲ್ಲದಕೆರೆ ಕಡೆಯ, ಕುರಿ ಕಾಯ್ದು ಬೆಳೆದ ಅಜ್ಜಿ. ಮಧ್ಯಾಹ್ನ ಬುತ್ತಿ ತಂದು, ಮಗ ಉಣ್ಣುವವರೆಗೂ ಆ ಮೀನುಗಳನ್ನೇ ನೋಡುತ್ತ ಕೂರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅಂಗಡಿ ಮುಂದಿನ ರಸ್ತೆ ಅಗೆದರು. ಧೂಳು ಇಳಿದಿಳಿದು ತೊಟ್ಟಿಯ ನೀರು ಗಂಜಿಯಂತಾಯಿತು, ಹವಳದ ಮೇಲೆಲ್ಲ ಕೆಸರು. ಅಣ್ಣ ಊಟ ಬಿಟ್ಟು ಅದರ ಮುಂದೆ ಕೂತರು. ಸಣ್ಣ ಪೈಪಿನಲ್ಲಿ ದಿನಕ್ಕಿಷ್ಟು ಹೂಳು ಎಳೆಯುವುದು, ತೆಗೆದಷ್ಟು ಹೊಸ ಉಪ್ಪುನೀರು ತುಂಬುವುದು, ಫಿಲ್ಟರಿನ ಸ್ಪಂಜು ಹಿಂಡುವುದು... ಹವಳ ಅರಳುವುದನ್ನೇ ನಿಲ್ಲಿಸಿತ್ತು. "ಆತುರ ಮಾಡಿದ್ರೆ ಇನ್ನೂ ಕದಡ್ತೈತೆ ಕಣಮ್ಮ. ಇವು ಉಳಿದ್ರೆ ಸಾಕು" ಎನ್ನುವಾಗ ಅವರ ದನಿ ಸೋತಿರುತ್ತಿತ್ತು.

ಮಗನ ಅವಸ್ಥೆ ಅಜ್ಜಿಗೆ ನೋಡಲಾಗಲಿಲ್ಲ. ಒಂದು ದಿನ ಅಣ್ಣ ಶಾಲೆಯೊಂದರ ಗ್ರೂಪ್ ಫೋಟೋ ತೆಗೆಯಲು ಹೋಗಿ ಅಲ್ಲಿಂದಲೇ ಮನೆಗೆ ಹೋದರು. ಅಷ್ಟರಲ್ಲಿ ಅಜ್ಜಿ ಮನೆಯಲ್ಲಿದ್ದ ಇನ್ನೊಂದು ಕೀಲಿಯಿಂದ ಸ್ಟುಡಿಯೋ ಬಾಗಿಲು ತೆಗೆದು, ಊರಲ್ಲಿ ಕೆರೆನೀರು ತಿಳಿಯಾಗಲೆಂದು ಬಿಂದಿಗೆಗೆ ಹಾಕುತ್ತಿದ್ದ ಪಟಿಕವನ್ನು ತಂದು, ಕುಟ್ಟಿ, ತೊಟ್ಟಿಗೆ ಸುರಿದುಬಿಟ್ಟಿದ್ದರು. ತೊಟ್ಟಿ ದೊಡ್ಡದೆಂದು ಧಾರಾಳವಾಗಿಯೇ ಸುರಿದಿದ್ದರು.

ಮರುದಿನ ಅಣ್ಣ ಬಾಗಿಲು ತೆಗೆದಾಗ ನಾನೂ ಅಲ್ಲಿದ್ದೆ. ನೀರು ಕನ್ನಡಿಯಂತಿತ್ತು. ಹವಳ ಲೋಳೆಯಾಗಿತ್ತು, ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಕ್ಕದಲ್ಲಿದ್ದ ಕುಟ್ಟುವ ಕಲ್ಲು, ಉಳಿದ ಪಟಿಕದ ಚೂರು ನೋಡಿ ಅಣ್ಣನಿಗೆ ಎಲ್ಲ ಅರ್ಥವಾಯಿತು. ಮೀನುಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಅವ್ವನಿಗೆ ಹೇಳಬ್ಯಾಡ" ಎಂದಷ್ಟೇ ಅಂದರು.

ಮಧ್ಯಾಹ್ನ ಅಜ್ಜಿ ಬಂದು ಗಾಜಿಗೆ ಮುಖ ಹಚ್ಚಿದರು. "ನೋಡಪ್ಪ, ಎಂಥಾ ತಿಳಿ ಆಗೈತೆ! ಮೀನು ಎಲ್ಲಿ ಅವೆ?"

"ಕಲ್ಲಿನ ಹಿಂದೆ ಅವೆ ಅವ್ವ. ಬೆದರ್ಕಂಡವೆ. ಬರ್ತಾವೆ ಬಿಡು" ಎಂದರು ಅಣ್ಣ.

ಅಂದಿನಿಂದ ಆ ಸತ್ತ ತೊಟ್ಟಿಯ ನೀರು ಬದಲಿಸುತ್ತ, ದೀಪ ಹಾಕುತ್ತ, ಚಿಟಿಕೆ ಆಹಾರ ಉದುರಿಸುತ್ತ ಇದ್ದರು. ಹೊಸ ಮೀನನ್ನಾದರೂ ತನ್ನಿ ಎಂದರೆ "ಮತ್ತೆ ಸಾಯೋದು ನೋಡಕ್ಕಾಗಲ್ಲ" ಎನ್ನುತ್ತಿದ್ದರು. ಅಜ್ಜಿ ದಿನವೂ ಎದುರು ಕೂತು ಕಾಯುತ್ತಿದ್ದರು.

ಮುಂದಿನ ವರ್ಷ ಅಣ್ಣ ಎದೆನೋವೆಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ... ಸ್ಟುಡಿಯೋ ಖಾಲಿ ಮಾಡುವ ದಿನ ಅಜ್ಜಿ ತೊಟ್ಟಿಯ ಮುಂದೆ ನಿಂತರು. ಏನಾದರೂ ಸಮಾಧಾನ ಹೇಳೋಣವೆಂದು ನಾನು ಬಾಯಿ ತೆರೆದರೆ ಅವರೇ ತಡೆದರು.

"ಸತ್ತಿದ್ದು ನಂಗೆ ಅವತ್ತೇ ಗೊತ್ತಾತು ಮಗಳೇ. ಕುರಿ ಸಾಕಿದೋಳಿಗೆ ಸಾವಿನ ವಾಸನೆ ತಿಳಿಯಲ್ವಾ? ಯಾವತ್ತಾರ ಒಂದಿನ ಬೈತಾನೆ, ಆಗ ಕೈ ಹಿಡ್ಕಂಡು ತಪ್ಪಾತಪ್ಪ ಅನ್ನಾಣ ಅಂತ ದಿನಾ ಬಂದು ಕುಂತ್ಕಂತಿದ್ದೆ. ಬೈಲೇ ಇಲ್ಲ ನೋಡು."

ಈಗ ಅಜ್ಜಿಯೂ ಇಲ್ಲ. ಸ್ಟುಡಿಯೋ ಇದ್ದಲ್ಲಿ ಬೇಕರಿ ಬಂದಿದೆ. ಅಜ್ಜಿಯ ಆ ಮಾತನ್ನು ಅಣ್ಣನಿಗೆ ಮುಟ್ಟಿಸಲು ನನಗೆ ಯಾವ ದಾರಿಯೂ ಇಲ್ಲ. ಬೇಕರಿ ಕಡೆಯ ಗೋಡೆಗೆ ಬೆನ್ನು ಮಾಡಿ ಕೂತು ಹೊಲಿಯುತ್ತೇನೆ.