ನಿಲ್ಲಿಸುವ ಬೆರಳು

ನಿವೇದಿತಾಳ ಸೈಕಲ್ಲಿಗೆ ಸೀಟಿರಲಿಲ್ಲ. ಹುಬ್ಬಳ್ಳಿಯಿಂದ ಬಂದಿಳಿದ ತಾಯಿ ಕಮಲವ್ವ ಮೊದಲ ಬೆಳಿಗ್ಗೆಯೇ ಬಾಲ್ಕನಿಯಲ್ಲಿ ಅದನ್ನು ಕಂಡು, ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದ್ದಳು:

"ಕೂಡೂದು ಎಲ್ಲಿ ಇದರ ಮ್ಯಾಲೆ?"

"ಕೂಡಂಗಿಲ್ಲವ್ವಾ. ನಿಂತೇ ಇರೂದು."

"ನಿಂತಕೊಂಡ ಎಲ್ಲಿಗೆ ಹೋಗ್ತಿ?"

"ಎಲ್ಲಿಗೂ ಹೋಗಂಗಿಲ್ಲ."

ಕಮಲವ್ವ ಅಳಿಯನ ಮುಖ ನೋಡಿದಳು. ಆಫೀಸಿಗೆ ಹೊರಟಿದ್ದ ಅಜಯ ಬೂಟಿನ ಲೇಸು ಕಟ್ಟುತ್ತ, "ನನ್ನ ಕೇಳಬ್ಯಾಡ್ರಿ ಅತ್ತಿ, ನಾನೂ ಎರಡ ವರ್ಷದಿಂದ ಇದನ್ನೇ ಕೇಳಾಕತ್ತೀನಿ" ಎಂದು ನಕ್ಕ.

ಆದರೆ ನಿವೇದಿತಾ ತಮಾಷೆ ಮಾಡಿರಲಿಲ್ಲ. ಅದು ಬಂಡೆಯಿಂದ ಬಂಡೆಗೆ, ಕಟ್ಟೆಯಿಂದ ಕಟ್ಟೆಗೆ ಕಾಲು ನೆಲಕ್ಕೆ ತಾಗಿಸದೆ ಜಿಗಿಯುವ ಟ್ರಯಲ್ಸ್ ಸೈಕಲ್ಲು. ಜಿಗಿಯುವುದು ಕಣ್ಣಿಗೆ ಕಾಣುವ ಆಟ. ಒಳಗಿನ ಆಟವೆಲ್ಲ ನಿಲ್ಲುವುದರಲ್ಲಿತ್ತು. ಮುಂದಿನ ಗಾಲಿಯನ್ನು ಗಾಳಿಗೆತ್ತಿ, ಹಿಂದಿನ ಗಾಲಿಯ ಅಂಗೈಯಗಲದ ರಬ್ಬರಿನ ಮೇಲೆ, ನೀರಿನ ಅಂಚಿನ ಕೊಕ್ಕರೆಯ ಹಾಗೆ ಅಲುಗದೆ ನಿಲ್ಲಬೇಕು. ಹಾಗೆ ನಿಲ್ಲಿಸುವುದು ಹಿಂದಿನ ಬ್ರೇಕು. ಅದನ್ನು ಹಿಡಿಯುವುದು ಬಲಗೈಯ ತೋರುಬೆರಳು, ಅದೊಂದೇ.

ಅದು ಎರಡು ಸಾವಿರದ ಇಸವಿ. ಕಡಲಾಚೆಯ ಸ್ಯಾನ್ ರಮೋನ್ ಊರಿನ ಆಫೀಸುಗಳಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಫ್ರೀವೇಯಲ್ಲಿ ಕಾರುಗಳು ನಿಂತರೂ ಒಳಗಿನವರು ಫೋನಿನಲ್ಲಿ ಓಡುತ್ತಿದ್ದರು. ವಸಂತದಲ್ಲಿ ಬಾಗಿಲು ತೆರೆದ ಕಂಪನಿ ಬೇಸಿಗೆ ಮುಗಿಯುವಷ್ಟರಲ್ಲಿ ಮುಚ್ಚುತ್ತಿತ್ತು, ಅಲ್ಲಿದ್ದವರು ಎದುರು ಕಟ್ಟಡಕ್ಕೆ ಓಡುತ್ತಿದ್ದರು. ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸದ ನಿವೇದಿತಾ ವಾರವಿಡೀ ಅವರೊಂದಿಗೆ ಓಡಿ, ಶನಿವಾರ ಬಂತೆಂದರೆ ಇಂಟರ್‌ನೆಟ್ಟಿನಲ್ಲಿ ಹೂವು ಮಾರಲು ಹೊರಟು ಮುಚ್ಚಿಹೋದ ಒಂದು ಕಂಪನಿಯ ಹಿತ್ತಿಲಿಗೆ ಹೋಗುತ್ತಿದ್ದಳು. ಲಾರಿಯಿಂದ ಸಾಮಾನು ಇಳಿಸುವ ಸಿಮೆಂಟು ಕಟ್ಟೆಯೊಂದು ಅಲ್ಲಿ ಅನಾಥವಾಗಿ ಬಿದ್ದಿತ್ತು. ಅದರ ಅಂಚಿನಲ್ಲಿ ಹಿಂದಿನ ಗಾಲಿಯ ಮೇಲೆ ನಿಂತಾಗ ಎದುರಿನ ಒಣಹುಲ್ಲಿನ ಗುಡ್ಡಗಳು ಮಲಗಿದ ದನಗಳ ಬೆನ್ನಿನ ಹಾಗೆ ಮೆಲ್ಲಗೆ ಉಸಿರಾಡುವಂತೆ ಕಾಣುತ್ತಿದ್ದವು. ಆ ಒಂದೆರಡು ಉಸಿರಿಗಾಗಿ ಅವಳು ವಾರವನ್ನು ದಾಟುತ್ತಿದ್ದಳು.

ತಾಯಿ ಬಂದು ವಾರ ಕಳೆದ ಮೇಲೆ, ಸೆಪ್ಟೆಂಬರಿನ ಒಂದು ಶನಿವಾರ ಬ್ರೇಕು ಹಿಡಿಯಲಿಲ್ಲ. ಬೆರಳು ಎಳೆದಿತ್ತು, ಗಾಲಿ ಮಾತ್ರ ಕನಸಿನಲ್ಲಿ ಜಾರಿದ ಹಾಗೆ ಸದ್ದಿಲ್ಲದೆ ಹಿಂದಕ್ಕೆ ಉರುಳಿತು. ಅವಳು ಬೆನ್ನಡಿಯಾಗಿ ಬಿದ್ದಳು. ಮೊಣಕೈ ತರಚಿತು.

ಜೊತೆಗೆ ಸವಾರಿಗೆ ಬರುತ್ತಿದ್ದ ನಾಗರಾಜು ಓಡಿಬಂದ. ಮಂಡ್ಯ ಕಡೆಯವನು, ಅವಳದೇ ಆಫೀಸಿನವನು. ಅವಳಿಗೊಂದು ಕೈ ಕೊಟ್ಟು ಎಬ್ಬಿಸಿ, ಇನ್ನೊಂದು ಕೈಯಲ್ಲಿ ಬ್ರೇಕಿನ ಲಿವರು ಒತ್ತಿ ನೋಡಿದ.

"ಗಟ್ಟಿಗೇ ಅದೆ ಕಣಕ್ಕ. ಬ್ರೇಕಿನ್ ಎಣ್ಣೇಲಿ ಗಾಳಿ ಸೇರ್ಕಂಡಿದ್ರೆ ಮೆತ್ತಗೆ ಸ್ಪಂಜಿನಂಗೆ ಆಗೋದು."

"ಮತ್ತೆ ಯಾಕೆ ಜಾರ್ತು?"

"ಸರಿಯಾಗಿ ಎಳುದ್ರಾ?"

ಅವನು ಸುಮ್ಮನೆ ಕೇಳಿದ ಮಾತು. ಅವಳಿಗೆ ಅದು ಎದೆಯೊಳಗೆ ಕೂತುಬಿಟ್ಟಿತು.

ಏಕೆಂದರೆ ಆ ವರ್ಷದ ಮೊದಲಲ್ಲಿ ಅವಳ ಬಲ ಮಣಿಕಟ್ಟು ನೋಯತೊಡಗಿತ್ತು. ಕೀಬೋರ್ಡಿನ ನೋವು. ಪಟ್ಟಿ ಕಟ್ಟಿದ ಡಾಕ್ಟರು, ಬೆರಳಿನ ಹಿಡಿತ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾದರೂ ಆಗಬಹುದು ಎಂದಿದ್ದರು. ಎಷ್ಟು, ಯಾವಾಗ ಎಂದು ಕೇಳುವ ಧೈರ್ಯ ಅವಳಿಗೆ ಆಗಿರಲಿಲ್ಲ. ಸಂಗತಿ ತಿಳಿದ ಕಮಲವ್ವ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಗಿಂತ ಹೆಚ್ಚು ಕೊಬ್ಬರಿ ಎಣ್ಣೆ ತುಂಬಿಕೊಂಡು ಬಂದಿದ್ದಳು. ದಿನವೂ ಸಂಜೆ ಮಗಳು ಮನೆಗೆ ಬಂದೊಡನೆ ಎಣ್ಣೆ ಬೆಚ್ಚಗೆ ಮಾಡಿ, ಹೆಬ್ಬೆರಳಿನಿಂದ ಮಣಿಕಟ್ಟನ್ನು ನೀವುತ್ತಿದ್ದಳು. ಆ ಪರಿಮಳ ನಿವೇದಿತಾಳ ತೋಳಿಗೆ, ದಿಂಬಿಗೆ, ಕೊನೆಗೆ ನಿದ್ದೆಗೂ ಅಂಟಿಕೊಂಡಿತ್ತು.

ಮುಂದಿನ ಶನಿವಾರವೂ ಬ್ರೇಕು ಜಾರಿತು. ನಾಗರಾಜು ತಲೆ ಕೆರೆದುಕೊಂಡ.

"ಬೇಡ ಅನ್ಸುದ್ರೆ ನಂಗೇ ಕೊಟ್ಬುಡಿ ಅಕ್ಕ. ಚೆನ್ನಾಗಿ ನೋಡ್ಕತೀನಿ, ಹೆಣ್ಣು ಕೊಟ್ಟೋರು ಬಂದು ನೋಡೋ ಹಂಗೆ."

ಅವಳು ನಗಲಿಲ್ಲ. "ಈ ವಾರ ಬ್ರೇಕ್ ಪೂರ್ತಿ ಬಿಚ್ಚಿ ನೋಡ್ತೀನಿ. ಏನೂ ಸಿಗಲಿಲ್ಲ ಅಂದ್ರೆ ತಪ್ಪು ನನ್ನ ಕೈದು. ಮುಂದಿನ ಭಾನುವಾರ ಬಂದು ತಗೊಂಡ್ಹೋಗು."

"ಅಯ್ಯೋ, ನಾ ತಮಾಷೆಗಂದೆ ಕಣಕ್ಕ."

"ನಾನು ತಮಾಷೆಗೆ ಹೇಳ್ತಿಲ್ಲ."

ಆಫೀಸಿನಲ್ಲಿ ಸಾವಿರ ತಪ್ಪುಗಳನ್ನು ಹಿಡಿದವಳು ಈಗ ಬಾಲ್ಕನಿಯಲ್ಲಿ ಮಂಡಿಯೂರಿ ಒಂದನ್ನು ಹುಡುಕತೊಡಗಿದಳು. ಈ ಬ್ರೇಕಿಗೆ ತಂತಿ ಇರಲಿಲ್ಲ. ಸಣ್ಣ ಕೊಳವೆಯ ತುಂಬ ತೆಳುವಾದ ನೀಲಿ ಎಣ್ಣೆ. ಲಿವರು ಎಳೆದರೆ ಎಣ್ಣೆ ಒತ್ತುತ್ತದೆ, ಗಾಲಿಯ ಎರಡೂ ಪಕ್ಕದಿಂದ ರಬ್ಬರಿನ ಬಿಲ್ಲೆಗಳು ಬಂದು ರಿಮ್ಮನ್ನು ಅದುಮುತ್ತವೆ. ಲಿವರು ಗಟ್ಟಿಯಾಗಿದ್ದರೂ ಇರಲಿ ಎಂದು, ಅವಳು ಸಿರಿಂಜಿನಲ್ಲಿ ಹೊಸ ಎಣ್ಣೆ ತುಂಬಿ ಕೆಳಗಿನಿಂದ ಮೇಲಕ್ಕೆ ಒತ್ತಿದಳು.

ಬಾಗಿಲಲ್ಲಿ ನಿಂತ ಕಮಲವ್ವ ಗಾಬರಿಯಾದಳು. "ಸೂಜಿ ಯಾರಿಗೆ?"

"ಇದಕ್ಕವ್ವಾ."

"ಆರಾಮಿಲ್ಲೇನ ಅದಕ್ಕ?"

"ನೋಡಬೇಕ."

ಒಂದೇ ಒಂದು ಗುಳ್ಳೆ ಕೊಳವೆಯಲ್ಲಿ ಮೆಲ್ಲಗೆ ಏರಿ ಬಂತು. ಇಷ್ಟು ಪುಟ್ಟ ಗಾಳಿ ಯಾರನ್ನೂ ಬೀಳಿಸಲಾರದು. ಮರುದಿನ ಅವಳು ಗಾಲಿಯ ಮೇಲೆ ಕುದುರೆ ಲಾಳದಂತೆ ಕೂರುವ ತಗಡನ್ನು ಬಿಗಿ ಮಾಡಿದಳು. ಅದು ಸಡಿಲವಿದ್ದರೆ ಬ್ರೇಕಿನ ಬಲವೆಲ್ಲ ಚೌಕಟ್ಟನ್ನು ಅಗಲಿಸುವುದರಲ್ಲೇ ಹೋಗಿಬಿಡುತ್ತದೆ. ಅದೂ ಸಡಿಲವಿರಲಿಲ್ಲ. ಆಮೇಲೆ ಬಿಲ್ಲೆಗಳನ್ನು ಕಳಚಿದಳು. ಅವುಗಳ ಮೈ ಗಾಜಿನಂತೆ ಹೊಳೆಯುತ್ತಿತ್ತು. ಇದೇ ಇರಬೇಕು ಎಂದು ಮರಳು ಕಾಗದದಿಂದ ಉಜ್ಜಿದಳು. ಉಜ್ಜುವಾಗ ಕೊಬ್ಬರಿ ಎಣ್ಣೆಯ ವಾಸನೆ ಬಂತು. ತನ್ನ ಕೈಯದೇ ಎಂದುಕೊಂಡಳು.

ಅಂದು ಸಂಜೆ ಬ್ರೇಕು ಹಿಡಿಯಿತು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುದಿನ ಸಂಜೆ ಮತ್ತೆ ಜಾರಿತು.

ಶನಿವಾರ ಕತ್ತಲಾಗುವ ಹೊತ್ತಿಗೆ ಬಿಚ್ಚಲು ಏನೂ ಉಳಿದಿರಲಿಲ್ಲ. ಉಳಿದದ್ದು ಅವಳ ಕೈ ಮಾತ್ರ. ಅವಳು ಆ ಬೆರಳನ್ನು ಮಡಿಚಿ ಬಿಡಿಸಿ ನೋಡಿದಳು. ಯಾರದೋ ಬೆರಳಿನ ಹಾಗೆ ಕಂಡಿತು. ಕಮಲವ್ವ ಎಣ್ಣೆಯ ಬಟ್ಟಲು ತಂದಾಗ, "ಇವತ್ತ ಬ್ಯಾಡವ್ವಾ" ಎಂದು ಸೋಪಿನಲ್ಲಿ ಕೈ ತೊಳೆದು ಮಲಗಿಬಿಟ್ಟಳು.

ಬೆಳಗಿನ ಜಾವ ಮಂಜು ಗುಡ್ಡ ದಾಟಿ ಬಂದು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ನಿಂತಿತ್ತು. ನಿವೇದಿತಾ ಎಚ್ಚರಗೊಂಡದ್ದು ಒಂದು ಸದ್ದಿಗೆ: ತಿರುಗುವ ಗಾಲಿಯ ಟಿಕಟಿಕ. ಮಂಚದಲ್ಲಿದ್ದಂತೆಯೇ ಅವಳು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಹಿತ್ತಿಲಿಗೆ ಹೋದಳು. ಭಾನುವಾರ. ಅಪ್ಪ ಬಸವಂತಪ್ಪ ವರ್ಕ್‌ಶಾಪಿಗೆ ಹೋಗುವ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ್ದಾನೆ. ಅವ್ವ ಗಾಲಿಯನ್ನು ಒಂದು ಬೆರಳಿನಿಂದ ತಿರುಗಿಸುತ್ತ, ಇನ್ನೊಂದು ಕೈಯ ಬಟ್ಟೆಯಿಂದ ರಿಮ್ಮು ಒರೆಸುತ್ತಿದ್ದಾಳೆ. ಬಿಸಿಲು ಗಾಲಿಯಲ್ಲಿ ಸುತ್ತುತ್ತಿದೆ. ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿದೆ.

ಅವಳು ಮಣಿಕಟ್ಟನ್ನು ಮೂಗಿಗೆ ಹಿಡಿದಳು. ಬರೀ ಸೋಪಿನ ವಾಸನೆ.

ಎದ್ದು ಬಾಲ್ಕನಿಯ ಬಾಗಿಲು ಸರಿಸಿದಳು. ಮಂಜಿನ ನಡುವೆ ಶಾಲು ಹೊದ್ದು ಕುಳಿತ ಕಮಲವ್ವ ಹಿಂದಿನ ಗಾಲಿಯನ್ನು ತಿರುಗಿಸುತ್ತಿದ್ದಳು. ಕೈಯಲ್ಲಿ ಎಣ್ಣೆಯ ಬಟ್ಟೆ. ಮಗಳ ಮಣಿಕಟ್ಟನ್ನು ನೀವುವ ಹಾಗೆಯೇ ಹೆಬ್ಬೆರಳಿನಿಂದ ರಿಮ್ಮಿನ ಪಕ್ಕವನ್ನು ನೀವುತ್ತಿದ್ದಳು.

"ಅವ್ವಾ, ಎಂದಿನಿಂದ ನಡದೈತಿ ಇದು?"

"ಬಂದಾಗಿಂದ. ನೀ ಏಳೂದರೊಳಗ ಒಂದ ಕೈ ಒರಸಿಬಿಡ್ತೀನಿ. ದಿನಾ ಹಿಂಗ ಮಂಜ ಬಿದ್ರ ತುಕ್ಕ ಹಿಡಿಯಂಗಿಲ್ಲೇನ? ಇಲ್ಲಿ ನೋಡ, ಮೈ ತುಂಬ ಗೀರು ಬಿದ್ದಾವ. ಯಾವ ಕಲ್ಲಿಗೆ ತಿಕ್ಕೀ ಏನೋ, ನೋಡಿದ್ರ ಕರಳ ಚುರ್ ಅಂತೈತಿ."

ಆ ಗೀರುಗಳನ್ನು ರಬ್ಬರು ಕಚ್ಚಿ ಹಿಡಿಯಲೆಂದು ನಾಗರಾಜು ಬೇಕೆಂದೇ ಲೋಹ ಉಜ್ಜುವ ಗ್ರೈಂಡರಿನಿಂದ ಹಾಕಿಕೊಟ್ಟಿದ್ದ. ತಾಯಿಯ ಕಣ್ಣಿಗೆ ಅವು ಗಾಯಗಳಾಗಿ ಕಂಡಿದ್ದವು.

ನಿವೇದಿತಾ ಪಕ್ಕದಲ್ಲಿ ಕುಳಿತಳು. "ಬ್ರೇಕ್ ಹಿಡಿಯೂದು ಅಲ್ಲೇ ಅವ್ವಾ."

ಕಮಲವ್ವನ ಕೈ ನಿಂತಿತು. "ಬಾಜೂಕ? ಬಾಜೂಕ ಹಿಡಿತೈತೇನ ಇದು?"

"ಹೂಂ."

"ನಿಮ್ಮಪ್ಪನ ಗಾಡಿಗೆ ಒಳಗಿಂದ ಹಿಡೀತಿತ್ತಲ್ಲ! ಆ ಜಾಗ ನಾ ಎಂದೂ ಮುಟ್ಟಿಲ್ಲ. ಇದರಾಗೂ ಮುಟ್ಟಿಲ್ಲ, ಬೇಕಂದ್ರ ನೋಡ."

ನಿವೇದಿತಾ ಕಡ್ಡಿಗಳ ನಡುವೆ ಬೆರಳು ಹಾಕಿ ರಿಮ್ಮಿನ ಒಳಮೈ ಸವರಿದಳು. ಕಮಲವ್ವ ಹೇಳಿದ ಹಾಗೆಯೇ ಇತ್ತು, ಒಣಗಿ. ಹಳೆಯ ಸೈಕಲ್ಲಿನಲ್ಲಿ ಸರಳಿನ ಬ್ರೇಕು ರಿಮ್ಮನ್ನು ಒಳಗಿನಿಂದ ಅದುಮುತ್ತಿತ್ತು. ಗಂಡ ಜಾರಬಾರದೆಂದು ವರ್ಷಗಟ್ಟಲೆ ಆ ಒಂದು ಪಟ್ಟಿಯನ್ನು ಬಿಟ್ಟು ಎಣ್ಣೆ ಹಚ್ಚಿದ ಕೈ, ಇಲ್ಲಿಯೂ ಅದೇ ಪಟ್ಟಿಯನ್ನು ಬಿಟ್ಟಿತ್ತು.

"ನೀ ಬಿದ್ದಿದ್ದು ನನ್ನ ಕೈಯಿಂದೇನ ಹಂಗಾದ್ರ?" ಕಮಲವ್ವನ ದನಿ ಸಣ್ಣದಾಯಿತು.

"ಮೊಣಕೈ ಮಾಯ್ತು ಬಿಡವ್ವಾ. ನನ್ನ ಕೈನೇ ಹೋತು ಅಂತ ತಿಳಕೊಂಡಿದ್ದೆ ನಾನು."

ಹೇಳುವಾಗ ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಕಮಲವ್ವ ಮಗಳ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಒಳಗೆ ಹೋಗಿ, ಡಬ್ಬಿಯೊಂದನ್ನು ಹಿಡಿದು ಬಂದಳು. "ತಲಿ ಎಣ್ಣಿ ಯಾವುದರಿಂದ ಹೋಗತೈತಿ? ಕಡ್ಲಿಹಿಟ್ಟ. ಸರಿ ಆಕಡೆ."

ನಾಗರಾಜು ಕಾರಿನ ಹಿಂದೆ ಸೈಕಲ್ಲು ಸಾಗಿಸುವ ರ‍್ಯಾಕು ಕಟ್ಟಿಕೊಂಡು ಬಂದಾಗ ಬಾಲ್ಕನಿಯಲ್ಲಿ ಕಂಡದ್ದು ಮೈಯೆಲ್ಲ ಹಿಟ್ಟು ಬಳಿದುಕೊಂಡ ಗಾಲಿ.

"ಏನಕ್ಕ ಇದು, ಗಾಲಿಗೆ ಬಜ್ಜಿ ಹಾಕ್ತಾ ಇದೀರಾ?"

"ಬಾರಪ್ಪ," ಎಂದಳು ಕಮಲವ್ವ. "ಅಭ್ಯಂಜನ ನಡದೈತಿ. ನೀರ ಹಾಕಾಕ ಒಬ್ರು ಬೇಕಾಗಿತ್ತು."

ಹಿಟ್ಟಾದ ಮೇಲೆ ಪಾತ್ರೆ ತೊಳೆಯುವ ಸೋಪು, ಅದಾದ ಮೇಲೆ ಸ್ಪಿರಿಟ್ಟು. ಗೀರುಗಳ ಸಂದಿನ ಎಣ್ಣೆಯೆಲ್ಲ ಬಟ್ಟೆಗೆ ಬಂದು, ಕೊನೆಯ ಬಟ್ಟೆ ಬೆಳ್ಳಗೇ ಉಳಿಯಿತು. ಎಣ್ಣೆ ಕುಡಿದಿದ್ದ ಬಿಲ್ಲೆಗಳನ್ನು ಎಸೆದು ನಿವೇದಿತಾ ಹೊಸವನ್ನು ಹಾಕಿದಳು. ಆದರೂ ಮೂವರು ಕಟ್ಟೆಯತ್ತ ಹೊರಟಾಗ ಅವಳು ದಾರಿಯುದ್ದಕ್ಕೂ ತೋರುಬೆರಳನ್ನು ಮಡಿಚಿ ಬಿಡಿಸುತ್ತಿದ್ದಳು. ಈವರೆಗೆ ದೂರಲು ಬ್ರೇಕಾದರೂ ಇತ್ತು. ಇನ್ನು ಜಾರಿದರೆ ಉಳಿಯುವುದು ಕೈ ಒಂದೇ. ನಾಗರಾಜುವಿನ ರ‍್ಯಾಕು ಬಾಯಿ ತೆರೆದು ಕಾಯುತ್ತಿತ್ತು.

ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಟ್ಟೆಯ ಅಂಚಿಗೆ ಬಂದು ಅವಳು ಮುಂದಿನ ಗಾಲಿ ಎತ್ತಿ, ಬೆರಳು ಎಳೆದಳು.

ಬ್ರೇಕು ಕೂಗಿತು. ಮಳೆಗಾಲದ ನವಿಲಿನ ಹಾಗೆ ಒಂದೇ ಒಂದು ಕೂಗು. ಗಾಲಿ ಸಿಮೆಂಟಿನಲ್ಲಿ ಬೇರೂರಿ ನಿಂತಿತು.

ಮಣಿಕಟ್ಟು ನೋಯುತ್ತಿತ್ತು. ನೋವು ಎಲ್ಲಿಗೂ ಹೋಗಿರಲಿಲ್ಲ, ಹೋಗುವಂಥದೂ ಅಲ್ಲ. ಆದರೆ ಬೆರಳು ಹಿಡಿದಿತ್ತು. ದೂರದ ಫ್ರೀವೇಯ ಸದ್ದು ಮಂಜಿನೊಳಗೆ ನದಿಯ ಸದ್ದಿನಂತೆ ಹರಿಯಿತು. ಕೆಳಗೆ ನಿಂತ ಕಮಲವ್ವ ಬಾಯಿಗೆ ಸೆರಗು ಹಿಡಿದು, ಎಲ್ಲಿಗೂ ಹೋಗದೆ ಆಕಾಶದಲ್ಲಿ ನಿಂತ ಮಗಳನ್ನು ನೋಡುತ್ತಲೇ ಇದ್ದಳು.

"ನಂಗೆ ಬಂದಿದ್ದ ಭಾಗ್ಯ ಹೋಯ್ತು," ಎಂದು ಗೊಣಗುತ್ತ ನಾಗರಾಜು ರ‍್ಯಾಕಿನ ಪಟ್ಟಿಗಳನ್ನು ಸುತ್ತಿಟ್ಟ. ಅವನ ಮುಖ ಅರಳಿತ್ತು.

ಸಂಜೆ ಕಮಲವ್ವ ಬಟ್ಟಲು ಹಿಡಿದು ಬಂದು ಬಾಗಿಲಲ್ಲೇ ಅನುಮಾನಿಸಿ ನಿಂತಳು. ನಿವೇದಿತಾ ತಾನಾಗಿಯೇ ಬಲಗೈ ಚಾಚಿದಳು. ಬೆಚ್ಚಗಿನ ಎಣ್ಣೆ ಮಣಿಕಟ್ಟಿನಿಂದ ಅಂಗೈಗೆ, ಅಂಗೈಯಿಂದ ಹೆಬ್ಬೆರಳಿಗೆ, ನಡುಬೆರಳಿಗೆ, ಉಂಗುರ ಬೆರಳಿಗೆ, ಕಿರುಬೆರಳಿಗೆ ಇಳಿಯಿತು. ತೋರುಬೆರಳನ್ನು ಮಾತ್ರ ತಾಯಿ ದಾಟಿಹೋದಳು.

"ಅದಕ್ಕೂ ಹಚ್ಚವ್ವಾ. ಇನ್ನ ಶನಿವಾರದ ತನಕ ಗಾಡಿ ಮುಟ್ಟಂಗಿಲ್ಲ."

"ಸುಮ್ಮನಿರ," ಎಂದಳು ಕಮಲವ್ವ, ಸೆರಗಿನ ತುದಿಯಿಂದ ಆ ಬೆರಳನ್ನು ಇನ್ನೊಮ್ಮೆ ಒರೆಸುತ್ತ. "ಹಿಡಿಯೂ ಜಾಗ ಯಾವುದಂತ ಈಗ ಗೊತ್ತಾಗೇತಿ ನನಗ."